ಕುದುರೆ ಕುಣಿಸುತ್ತೆ

ಚಾಪೆಯ ಮೇಲೆ ಎರಡು ಗೊಂಬೆ: ಮರದ ಕುದುರೆ, ರಬ್ಬರಿನ ಮೊಸಳೆ. ಎದುರಿಗೆ ಮೂರು ವರ್ಷ ಎರಡು ತಿಂಗಳ ಹುಡುಗಿ. ಬೆಳಿಗ್ಗೆ ಹತ್ತೂವರೆ, ತಿಂಡಿ ಮುಗಿದಿದೆ, ನಿದ್ದೆಯ ಹೊತ್ತು ಇನ್ನೂ ದೂರ. ಮಗು ಕೇಳಿದ ವಾಕ್ಯವನ್ನು ಹೇಗೆ ಅರ್ಥಮಾಡಿಕೊಳ್ಳುತ್ತದೆ ಎಂದು ನೋಡುವ ಇಂಥ ಕೆಲಸಕ್ಕೆ ಅದು ಸಿಗುವುದು ಈ ಹೊತ್ತಿನಲ್ಲೇ, ಅದೂ ಹದಿನೈದು ನಿಮಿಷ ಮಾತ್ರ. ಫೋನನ್ನು ಚಾಪೆಯ ಮಟ್ಟಕ್ಕೇ ಇಟ್ಟು ವಿಡಿಯೊ ಹಿಡಿಯಬೇಕು. ಮೇಲಿನಿಂದ ಹಿಡಿದರೆ ಮಗುವಿನ ತಲೆ ಕಾಣುತ್ತದೆ, ಕೈ ಕಾಣುವುದಿಲ್ಲ. ನಮಗೆ ಬೇಕಾದದ್ದು ಕೈ.

ಆಟ ಸರಳ. ಒಂದು ವಾಕ್ಯ ಹೇಳುವುದು, ಮಗು ಅದನ್ನು ಗೊಂಬೆಗಳಲ್ಲಿ ಮಾಡಿ ತೋರಿಸುವುದು. ಮೊದಲಿಗೆ ಸುಲಭದವು: ‘ಕುದುರೆ ಮಲಗುತ್ತೆ’, ‘ಮೊಸಳೆ ಕುದುರೆನ ತಳ್ಳುತ್ತೆ’. ಎರಡನ್ನೂ ತಡವರಿಸದೆ ಮಾಡಿದಳು. ಆಮೇಲೆ ಬಂತು ನಿಜವಾದ ಪ್ರಶ್ನೆ: ‘ಕುದುರೆ ಕುಣಿಸುತ್ತೆ.’

ದೊಡ್ಡವರಾದರೆ ಇಲ್ಲಿ ನಿಲ್ಲುತ್ತಾರೆ. ಕುಣಿಸುತ್ತೆ, ಸರಿ, ಯಾರನ್ನ? ಹುಡುಗಿ ನಿಲ್ಲಲಿಲ್ಲ. ಕುದುರೆಯನ್ನೇ ಎತ್ತಿ ಕುಣಿಸಿದಳು. ಮೊಸಳೆಯನ್ನು ಮುಟ್ಟಲೇ ಇಲ್ಲ. ನಡುವೆ ಬೇರೆ ಎರಡು ವಾಕ್ಯ ಹೇಳಿ, ಬೇಕೆಂದೇ ತಪ್ಪಾಗಿ ಕಟ್ಟಿದ ಇನ್ನೊಂದು: ‘ಕುದುರೆ ಮೊಸಳೆನ ಕುಣಿಯುತ್ತೆ.’ ಬಾಗಿಲ ಬಳಿ ಕೂತಿದ್ದ ಅಜ್ಜಿ ತಡೆಯಲಾರದೆ ‘ಕುಣಿಸುತ್ತೆ ಅನ್ನಿ’ ಎಂದರು. ಹುಡುಗಿಗೆ ಅದರ ಗೊಡವೆ ಇಲ್ಲ. ಕುದುರೆಯ ಮೂತಿಯಿಂದ ಮೊಸಳೆಯನ್ನು ಎತ್ತಿ ಎತ್ತಿ ಕುಣಿಸಿದಳು. ವಾಕ್ಯದಲ್ಲಿ ಹೆಸರು ಒಂದೇ ಇದ್ದರೆ ಒಂದು ಗೊಂಬೆ ತಾನೇ ಕುಣಿಯುತ್ತದೆ. ಎರಡಿದ್ದರೆ ಒಂದು ಇನ್ನೊಂದನ್ನು ಕುಣಿಸುತ್ತದೆ. ಕ್ರಿಯಾಪದದ ಬಾಲದಲ್ಲಿ ‘ಇಸು’ ಇದೆಯೋ ಇಲ್ಲವೋ ಎಂಬುದನ್ನು ಅವಳು ಲೆಕ್ಕಕ್ಕೇ ಹಿಡಿಯಲಿಲ್ಲ.

ಇದು ಈ ಒಂದು ಮಗುವಿನ ವಿಚಿತ್ರವಲ್ಲ. ಮಕ್ಕಳ ಭಾಷಾಕಲಿಕೆಯ ಸಂಶೋಧಕರಾದ ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೈಲಾ ಗ್ಲೈಟ್‌ಮನ್ 2003ರಲ್ಲಿ ‘ಕಾಗ್ನಿಷನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡದ ಮೂರು ವರ್ಷದ ಮಕ್ಕಳ ಬಗ್ಗೆಯೇ ಇತ್ತು, ಅದರಲ್ಲೂ ಸಿಕ್ಕಿದ್ದು ಇದೇ. ಕನ್ನಡವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಮಾತಿನಲ್ಲಿ ‘ಮಾಡಿಸುವ’ ಅರ್ಥಕ್ಕೆ ‘ಇಸು’ಗಿಂತ ಗಟ್ಟಿಯಾದ ಗುರುತು ಇಲ್ಲ. (ಯೋಚಿಸು, ಗಮನಿಸು ಮುಂತಾದವು ಬೇರೆ ಜಾತಿ, ಅವುಗಳ ‘ಇಸು’ವಿಗೆ ಮಾಡಿಸುವ ಅರ್ಥವಿಲ್ಲ, ಅವು ಈ ವಯಸ್ಸಿನ ಕಿವಿಗೆ ಬೀಳುವುದೂ ಕಡಿಮೆ.) ಹೆಸರುಗಳಾದರೋ ನಂಬಿಕೆಗೆ ಅರ್ಹವೇ ಅಲ್ಲ. ‘ಕುಡಿಸಿದ್ಯಾ?’ ‘ಹೂಂ, ಕುಡಿಸಿದೆ’ ಎಂದರೆ ಮಾತು ಮುಗಿಯಿತು, ಯಾರು ಯಾರಿಗೆ ಏನನ್ನು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಕೇಳಿದ್ದನ್ನೇ ಲೆಕ್ಕ ಹಾಕಿ ಮಗು ಭಾಷೆ ಕಲಿಯುವುದಾದರೆ, ಕನ್ನಡದ ಮಗು ‘ಇಸು’ವನ್ನು ಹಿಡಿದುಕೊಂಡು ಹೆಸರುಗಳನ್ನು ಕೈಬಿಡಬೇಕಿತ್ತು. ಮಾಡುವುದು ತಿರುವುಮುರುವು. ಎಷ್ಟು ಹೆಸರೋ ಅಷ್ಟು ಜನ ಆ ಕೆಲಸದಲ್ಲಿ ಇದ್ದಾರೆ ಎಂಬ ಎಣಿಕೆಯನ್ನು ಮಗು ಕೇಳಿ ಕಲಿತದ್ದಲ್ಲ, ತನ್ನ ಕಡೆಯಿಂದಲೇ ತಂದದ್ದು ಎಂಬುದು ಅವರ ವಾದ. ಅದು ಸರಿಯೆಂದೇ ಕಾಣುತ್ತದೆ.

‘ಇಸು’ ಮಗುವಿಗೆ ಕೇಳಿಸಿರಲಿಕ್ಕಿಲ್ಲ ಎನ್ನಬಹುದು. ಆಡುಮಾತಿನಲ್ಲಿ ಅದು ಸವೆದು ಒಂದು ‘ಸ್’ ಆಗಿರುತ್ತದೆ ನಿಜ: ತಿನ್ಸು, ಮಲಗ್ಸು, ಮಾಡ್ಸು. ಆದರೆ ಮಗುವಿನ ದಿನವೆಲ್ಲ ಈ ‘ಸ್’ನಿಂದಲೇ ತುಂಬಿದೆ. ಸ್ನಾನ ಮಾಡ್ಸು, ಅನ್ನ ತಿನ್ಸು, ಔಷಧಿ ಕುಡ್ಸು, ಮಲಗ್ಸು. ಎಲ್ಲವೂ ಅವಳಿಗೇ ಆಗುವ ಕೆಲಸ. ಆಟದ ನಡುವೆ ಅವಳೇ ಇದಕ್ಕೆ ಉತ್ತರ ಕೊಟ್ಟಳು. ಗೋಡೆಗೆ ಒರಗಿ ತೂಕಡಿಸತೊಡಗಿದ ಅಜ್ಜಿಯ ಕಡೆ ತಿರುಗಿ, ‘ಅಜ್ಜಿನ ಏಳ್ಸ್‌ಲಾ?’

ಏಳ್ಸು! ಆ ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಏಳು ಎಂಬುದಕ್ಕೆ ಎಬ್ಬಿಸು. ದೊಡ್ಡವರು ಆಡುವುದು ‘ಎಬ್ಸು’. ಕೇಳಿದ್ದನ್ನು ಒಪ್ಪಿಸಿದ್ದರೆ ‘ಎಬ್ಸ್‌ಲಾ’ ಬರುತ್ತಿತ್ತು. ‘ಏಳು’ವಿಗೆ ಬಾಲ ಅಂಟಿಸಿ ಹೊಸ ಪದ ಮಾಡಿದ್ದಾಳೆಂದರೆ ಬಾಲದ ಕೆಲಸ ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ, ಇನ್ನೊಬ್ಬರ ವಾಕ್ಯ ಕೇಳುವಾಗ ಹೆಸರುಗಳ ಎಣಿಕೆಯನ್ನೇ ನಂಬುತ್ತಾಳೆ. ಇಡೀ ಬೆಳಗಿನಲ್ಲಿ ಇದಕ್ಕಿಂತ ಬೆಲೆಯುಳ್ಳ ಮಾತು ಇನ್ನೊಂದು ಬರಲಿಲ್ಲ, ಮತ್ತು ಅದು ಬಂದದ್ದು ‘ತಪ್ಪಾಗಿ’.

ಮನೆಯಲ್ಲಿ ಈ ಆಟ ಆಡಿ ನೋಡುವವರು ಎಡವುವುದು ಕೆಲವೇ ಕಡೆ. ಮೊದಲನೆಯದು ಕಣ್ಣು. ‘ಕುದುರೆ’ ಎನ್ನುವಾಗ ಕುದುರೆಯನ್ನು ನೋಡಿದಿರೋ, ಮಗು ಓದುವುದು ನಿಮ್ಮ ದೃಷ್ಟಿಯನ್ನು, ಮಾತನ್ನಲ್ಲ. ಮಗುವಿನ ಮುಖ ನೋಡುತ್ತಾ, ಕೈಯನ್ನು ತೊಡೆಯ ಮೇಲಿಟ್ಟು ಹೇಳಬೇಕು. ಎರಡನೆಯದು ಒತ್ತು: ‘ಕುಣಿ-ಸು-ತ್ತೆ’ ಎಂದು ಎಳೆದರೆ ಅದು ಪಾಠವಾಗುತ್ತದೆ, ಪರೀಕ್ಷೆ ಕೆಡುತ್ತದೆ. ಪ್ರತಿ ವಾಕ್ಯ ಆದಮೇಲೆ ಎರಡೂ ಗೊಂಬೆಗಳನ್ನು ಮಗುವಿನಿಂದ ಒಂದೇ ದೂರಕ್ಕೆ ತಂದಿಡಿ, ಇಲ್ಲವಾದರೆ ಕೈಯಲ್ಲಿ ಉಳಿದ ಗೊಂಬೆಯೇ ಮುಂದಿನ ಉತ್ತರವಾಗುತ್ತದೆ. ಉತ್ತರ ಏನೇ ಬರಲಿ, ಒಂದೇ ದನಿಯ ‘ಹೂಂ’. ‘ಶಭಾಷ್’ ಒಮ್ಮೆ ಸಿಕ್ಕಿತೋ, ಮಗು ನಿಮಗೆ ಬೇಕಾದ ಉತ್ತರವನ್ನು ಹುಡುಕತೊಡಗುತ್ತದೆ. ಎಂಟು ವಾಕ್ಯ ಸಾಕು.

‘ಏಳ್ಸು’ವನ್ನು ತಿದ್ದಬೇಕೆ? ‘ಹಾಗಲ್ಲ, ಎಬ್ಸು ಅನ್ನು’ ಎಂದು ಕೂರಿಸಿ ಹೇಳಿಸಬೇಕಾಗಿಲ್ಲ. ಅಂದು ಅವಳ ತಾಯಿ ಮಾಡಿದ್ದೇ ಸರಿ. ಅಡುಗೆಮನೆಯಿಂದಲೇ, ‘ಎಬ್ಸ್‌ಬೇಡ ಪುಟ್ಟಿ, ಅಜ್ಜಿ ಮಲಗಲಿ. ಆಮೇಲೆ ಇಬ್ರೂ ಸೇರಿ ಎಬ್ಸೋಣ’ ಎಂದರು. ಅರ್ಥಕ್ಕೆ ಉತ್ತರ ಸಿಕ್ಕಿತು, ಸರಿಯಾದ ರೂಪ ಎರಡು ಸಲ ಕಿವಿಗೆ ಬಿತ್ತು, ಮಾತು ನಿಲ್ಲಲಿಲ್ಲ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೊಸಳೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಅದಕ್ಕೆ ಮಾತ್ರ ಕೇಳುವಂತೆ ಪಿಸುಗುಟ್ಟಿದಳು: ‘ಶ್, ಅಜ್ಜಿನ ಏಳ್ಸ್‌ಬೇಡ.’