ಮೂಲೆಯ ಮಷಿನ್ನಿನ ‘ಗುಮ್ಮಟ’

ನಮ್ಮ ಬ್ಯಾಚಿನವರು ಎಲ್ಲೇ ಕೂಡಲಿ, ಮದುವೆಯಿರಲಿ, ಗೃಹಪ್ರವೇಶವಿರಲಿ, ಊಟದ ಪಂಕ್ತಿ ಏಳುವುದರೊಳಗೆ ಮಾತು ‘ಗುಮ್ಮಟ’ಕ್ಕೆ ಬಂದು ನಿಲ್ಲುತ್ತದೆ. ಊರಿನ ಗುಮ್ಮಟವಲ್ಲ, ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನದು. ಸಿಂದಗಿಯ ಗೆಳೆಯನೊಬ್ಬ ಮೂರನೇ ವರ್ಷದಲ್ಲಿ, ಪ್ರೋಗ್ರಾಂ ಬರೆಯಲು ಆಗ ಬಳಸುತ್ತಿದ್ದ ಟರ್ಬೊ ಸಿ ಹಿಡಿದು ಬರೆದ ಆಟ ಅದು. ಧೋತರ ಉಟ್ಟ ಹುಡುಗ ಓಡಬೇಕು, ಕಟ್ಟೆಯಿಂದ ಕಟ್ಟೆಗೆ ಜಿಗಿಯಬೇಕು, ದಾರಿಯಲ್ಲಿ ಸಿಕ್ಕ ದ್ರಾಕ್ಷಿ ಗೊಂಚಲು ಆರಿಸಿಕೊಳ್ಳಬೇಕು, ಅಷ್ಟೇ. ಪತ್ರಿಕೆಗೆ ಹಳೆಯ ನೆನಪು ಬರೆದುಕೊಡಿ ಅಂದಾಗ, ಗುರುಗಳ ಬಗ್ಗೆ, ಹಾಸ್ಟೆಲ್ಲಿನ ಊಟದ ಬಗ್ಗೆ ಉಳಿದವರು ಬರೆದೇ ಬರೆಯುತ್ತಾರೆ, ಇದನ್ನು ಯಾರೂ ಬರೆಯಲಿಕ್ಕಿಲ್ಲ ಅನಿಸಿತು.

2003ರ ಸುಮಾರಿನ ಮಾತು. ಊರಿಗೆ ಇನ್ನೂ ಬಿಜಾಪುರ ಅಂತಲೇ ಹೆಸರು. ಲ್ಯಾಬಿನ ಹೊರಗೆ ಚಪ್ಪಲಿ ಬಿಟ್ಟು, ರಿಜಿಸ್ಟರಿನಲ್ಲಿ ಸಹಿ ಮಾಡಿ ಒಳಗೆ ಹೋಗಬೇಕು. ಆಟ ಆಡಬಾರದು ಅಂತ ಗೋಡೆಗೆ ಕಾಗದ ಅಂಟಿಸಿದ್ದರು. ಹಾಗಿದ್ದೂ ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ ಯಾವುದಾದರೊಂದು ಫೋಲ್ಡರಿನ ಹೊಟ್ಟೆಯಲ್ಲಿ ಅಡಗಿ ಕೂತೇ ಇರುತ್ತಿದ್ದವು. ಅವನ್ನೆಲ್ಲ ಆಡಿ ಮುಗಿಸಿದ ಸಿಂದಗಿಯವನು ಒಂದು ಮಧ್ಯಾಹ್ನ, “ಇದರಾಗ ಏನೈತಿ ದೊಡ್ಡದು, ನಾನೂ ಮಾಡ್ತೀನಿ” ಅಂದ. ಗ್ರಾಫಿಕ್ಸ್ ಪ್ರಾಜೆಕ್ಟ್ ಅನ್ನುವ ನೆಪ ಹೇಗೂ ಇತ್ತು. ಚಿತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಗ್ರಾಫ್ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಚೌಕ ತುಂಬುವುದು, ಆಮೇಲೆ ಆ ಚೌಕಗಳನ್ನು ಎಣಿಸಿ ಅಂಕಿ ಮಾಡಿ ಅವನಿಗೆ ಓದಿ ಹೇಳುವುದು. ಟರ್ಬೊ ಸಿಯಲ್ಲಿ ಕನ್ನಡ ಅಕ್ಷರ ಎಲ್ಲಿಂದ ಬರಬೇಕು? ‘ಗುಮ್ಮಟ’ ಅನ್ನುವ ಹೆಸರನ್ನೂ ಗೆರೆ, ಕಮಾನುಗಳಿಂದಲೇ ಎಳೆದೆವು. ನಮ್ಮ ಲಿಪಿ ಗುಂಡಗಿರುವುದರಿಂದ ಕೆಲಸ ಸಲೀಸಾಯಿತು. ಮಕಾರದ ಒತ್ತು ಮಾತ್ರ ಕೊನೆಯವರೆಗೂ ಸೊಟ್ಟಗೇ ಉಳಿಯಿತು.

ಆಟದ ಮೊದಲ ದೋಷ ಕಣ್ಣಿಗೆ ಹೊಡೆಯುವಂಥದ್ದು. ಹುಡುಗನ ಚಿತ್ರವನ್ನು ತೆರೆಯ ಮೇಲೆ ಇಟ್ಟರೆ ಅವನ ಸುತ್ತ ಒಂದು ಕರಿ ಚೌಕವೂ ಬಂದು ಕೂಡುತ್ತಿತ್ತು. ಅದನ್ನು ತಪ್ಪಿಸಲು ಆ ಕಾಲದ ಎಲ್ಲ ವಿದ್ಯಾರ್ಥಿಗಳೂ ಮಾಡುತ್ತಿದ್ದ ಉಪಾಯವನ್ನೇ ಇವನೂ ಮಾಡಿದ. ಚಿತ್ರದ ಬಣ್ಣವನ್ನೂ ಹಿನ್ನೆಲೆಯ ಬಣ್ಣವನ್ನೂ ಎಕ್ಸ್‌ಆರ್ ಮಾಡಿ ಇಡುವುದು, ಅಂದರೆ ಎರಡರ ಅಂಕಿಗಳನ್ನು ಬಿಟ್ಟಿಗೆ ಬಿಟ್ಟು ಹೋಲಿಸಿ, ಬೇರೆಯಿದ್ದಲ್ಲಿ 1, ಒಂದೇ ಇದ್ದಲ್ಲಿ 0 ಹಾಕುವುದು. ಅದರಲ್ಲಿ ಕರಿ ಬಣ್ಣ ಸೊನ್ನೆ, ಆದ್ದರಿಂದ ಚೌಕ ಮಾಯ. ಅದೇ ಚಿತ್ರವನ್ನು ಅದೇ ಜಾಗದಲ್ಲಿ ಇನ್ನೊಮ್ಮೆ ಇಟ್ಟರೆ ತಾನಾಗಿಯೇ ಅಳಿಸಿಹೋಗುವ ಅನುಕೂಲ ಬೇರೆ. ಆದರೆ ಇದ್ದದ್ದು 16 ಬಣ್ಣ. ಬಿಳಿಗೆ 15, ನೀಲಿಗೆ 1. ಎರಡನ್ನೂ ಹೀಗೆ ಎಕ್ಸ್‌ಆರ್ ಮಾಡಿದರೆ 14, ಅಂದರೆ ಹಳದಿ. ನೀಲಿ ಆಕಾಶದ ಮುಂದೆ ನಿಂತಾಗ ಹುಡುಗನ ಬಿಳಿ ಧೋತರ ಹಳದಿ. ಕಂದು ಬಣ್ಣದ ಬುರುಜಿನ ಮುಂದೆ ಬಂದರೆ ತಿಳಿನೀಲಿ. ಹೊಸದಾಗಿ ಆಡಲು ಬಂದವರೆಲ್ಲ ಇದು ಬೇಕೆಂದೇ ಮಾಡಿದ್ದು ಅಂದುಕೊಂಡರು. ಜೂನಿಯರ್ ಒಬ್ಬ ಬಂದು, “ಅಣ್ಣಾ, ಬಣ್ಣ ಬದಲಾದಾಗ ಯಾವ ಶಕ್ತಿ ಬರ್ತೈತಿ?” ಅಂತ ಕೇಳಿದ. ಸಿಂದಗಿಯವನು ಗಂಭೀರವಾಗಿ, “ಆಡಿ ನೋಡು, ನಿನಗ ತಿಳೀತೈತಿ” ಅಂದ.

ಮೊದಲ ಹಂತದ ಹೆಸರು ಟಾಂಗಾ ಸ್ಟ್ಯಾಂಡ್. ಇಡೀ ಆಟದಲ್ಲಿ ಇದರಷ್ಟು ಸಪ್ಪೆಯಾದದ್ದು ಬೇರೆ ಇಲ್ಲ. ಹೆಸರಿಗೆ ಒಂದು ಟಾಂಗಾ, ಉಳಿದದ್ದೆಲ್ಲ ಮಾರಿಯೊ. ಹಸಿರು ಪೈಪು, ಇಟ್ಟಂಗಿ, ತಲೆಯಿಂದ ಗುದ್ದಿದರೆ ಬೀಳುವ ನಾಣ್ಯ. 1985ರಲ್ಲಿ ಜಪಾನಿನ ಮಿಯಾಮೊಟೊ ಮಾಡಿದ್ದನ್ನು ಟಿವಿಗೆ ಹಚ್ಚುವ ಕ್ಯಾಸೆಟ್ ಗೇಮಿನಲ್ಲಿ ನಾವೆಲ್ಲ ಹೈಸ್ಕೂಲಿನಲ್ಲೇ ಅರೆದು ಕುಡಿದಿದ್ದೆವು. “ಊರಾಗ ನಳಕ್ಕ ನೀರಿಲ್ಲ, ಇಷ್ಟ ದಪ್ಪ ಪೈಪ ಯಾರ್ ಹಾಕಿಸಿದ್ರೋ?” ಅಂತ ಇಂಡಿ ತಾಲೂಕಿನ ಗೆಳೆಯ ಕೇಳಿದ್ದಕ್ಕೆ ಇವನ ಹತ್ತಿರ ಉತ್ತರವಿರಲಿಲ್ಲ. ಎರಡನೆಯದು ಉಪ್ಪಲಿ ಬುರುಜ. ಮೆಟ್ಟಿಲು ಹೊರಗಿನಿಂದ ಸುತ್ತಿ ಹತ್ತುವುದನ್ನು ತೋರಿಸಿದ್ದ, ಪರವಾಗಿಲ್ಲ.

ಮೂರನೆಯದು ಬಾರಾ ಕಮಾನ್. ಇಲ್ಲಿಗೆ ಬಂದಾಗ ಆಟದ ಲಕ್ಷಣವೇ ಬೇರೆ. ಎರಡನೇ ಅಲಿ ಆದಿಲ್‌ಶಾಹನ ಗೋರಿಯ ಸುತ್ತ ಎದ್ದು, ಮುಗಿಯದೆ ನಿಂತುಹೋದ ಕಟ್ಟಡ. ಮೇಲೆ ಚಾವಣಿಯಿಲ್ಲ, ಬರೀ ಕಮಾನುಗಳು. ಜಿಗಿತದ ಆಟಕ್ಕೆ ಇದಕ್ಕಿಂತ ಒಳ್ಳೆಯ ಜಾಗವನ್ನು ಯಾರೂ ಕಾಗದದ ಮೇಲೆ ಕೂತು ಕಲ್ಪಿಸಲಾರರು. ಕಮಾನಿನ ತುದಿಯಿಂದ ತುದಿಗೆ ಹಾರಬೇಕು, ನಡುವೆ ಖಾಲಿ. ಸಿಂದಗಿಯವನು ರವಿವಾರ ಅಲ್ಲಿಗೆ ಹೋಗಿ ಹುಲ್ಲಿನ ಮೇಲೆ ಕೂತು ಯಾವ ಕಮಾನು ಎಷ್ಟು ಎತ್ತರ, ಯಾವುದು ದೊಡ್ಡದು, ಯಾವುದು ಸಣ್ಣದು ಅಂತ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದ. ಆ ಏರಿಳಿತವೇ ಆಟಕ್ಕೆ ತಾಳ ಕೊಟ್ಟಿತು. ಎರಡು ಸಣ್ಣ ಜಿಗಿತ, ಒಂದು ಉದ್ದ, ಒಂದು ತಡೆದು ಹಾರುವಂಥದ್ದು. ಈಗಲೂ ನನ್ನ ಬೆರಳಿಗೆ ಅದು ನೆನಪಿದೆ.

ಬಾರಾ ಕಮಾನ್ ಅಷ್ಟು ಸೊಗಸಾಗಿ ಕೂಡಿಬರಲು ಇನ್ನೊಂದು ಕಾರಣವಿತ್ತು. ಅದು ನಮಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಹುಡುಗನ ಕಾಲ ಕೆಳಗೆ ನೆಲ ಇದೆಯೋ ಇಲ್ಲವೋ ಅಂತ ನೋಡುವಾಗ ಪ್ರೋಗ್ರಾಂ ಅವನ ಎಡಗಾಲಿನ ತುದಿಯ ಒಂದೇ ಚುಕ್ಕೆಯನ್ನು ನೋಡುತ್ತಿತ್ತು. ಬಲಕ್ಕೆ ಓಡುವಾಗ ಇಡೀ ಮೈ ಅಂಚಿನಾಚೆ ಗಾಳಿಯಲ್ಲಿದ್ದರೂ ಎಡಗಾಲು ಕಲ್ಲಿನ ಮೇಲಿರುವವರೆಗೆ ಅವನು ಬೀಳುತ್ತಿರಲಿಲ್ಲ, ಆರಾಮಾಗಿ ಹಾರಬಹುದಿತ್ತು. ಇಳಿಯುವಾಗ ಇದೇ ಲೆಕ್ಕ ತಿರುಗುಮುರುಗು, ಆದರೆ ನೆಗೆತ ಉದ್ದವಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. 2018ರ ಸೆಲೆಸ್ಟ್‌ನಂಥ ಆಟಗಳಲ್ಲಿ ಇದನ್ನೇ ಬೇಕೆಂದು ಮಾಡುತ್ತಾರೆ. ಅಂಚು ದಾಟಿದ ಮೇಲೂ ಕೆಲವು ಫ್ರೇಮುಗಳಷ್ಟು (ತೆರೆಯ ಚಿತ್ರ ಒಮ್ಮೆ ಬದಲಾದರೆ ಒಂದು ಫ್ರೇಮು) ಹೊತ್ತು ಹಾರಲು ಬಿಡುತ್ತಾರೆ, ಕೊಯೊಟಿ ಟೈಮ್ ಅಂತ ಅದಕ್ಕೆ ಹೆಸರು. ಆಡುವವನಿಗೆ ತನ್ನ ಕೈಯೇ ಚುರುಕು ಅನಿಸುತ್ತದೆ. ಸಿಂದಗಿಯವನಿಗೆ ಆ ವಿದ್ಯೆ ತಾನಾಗಿಯೇ ಒಲಿದಿತ್ತು, ಆದರೆ ಒಂದೇ ದಿಕ್ಕಿಗೆ.

ಎಡಕ್ಕೆ ಹೊರಟರೆ ಏನಾಗುತ್ತದೆ ಅನ್ನುವುದು ನಾಲ್ಕನೇ ಹಂತದಲ್ಲಿ ಗೊತ್ತಾಯಿತು. ಗೋಳಗುಮ್ಮಟ. ಮೂಲೆಯ ಏಳು ಅಂತಸ್ತಿನ ಮಿನಾರು ಹತ್ತಬೇಕು, ಒಂದು ಅಂತಸ್ತು ಬಲಕ್ಕೆ, ಮುಂದಿನದು ಎಡಕ್ಕೆ. ಎಡಕ್ಕೆ ತಿರುಗಿದ ಕೂಡಲೇ ಹುಡುಗ ಮೈಯೆಲ್ಲ ಮೆಟ್ಟಿಲ ಮೇಲಿದ್ದರೂ ಬೀಳುತ್ತಿದ್ದ. ಅದರ ಮೇಲೆ ಪಾರಿವಾಳಗಳ ಕಾಟ. ತೆರೆ ಬದಲಾದ ಕ್ಷಣದಲ್ಲೇ ಅಂಚಿನಲ್ಲಿ ಒಂದು ಪಾರಿವಾಳ ಕಾದಿರುತ್ತಿತ್ತು. ನೋಡುವ ಮೊದಲೇ ಸಾವು. ಮೂರು ಸಲ ಸತ್ತರೆ ಮತ್ತೆ ಟಾಂಗಾ ಸ್ಟ್ಯಾಂಡಿನಿಂದ, ಆ ಹಾಳು ಪೈಪುಗಳಿಂದ ಶುರು. ಇದನ್ನು ನಾನು ಆಗಲೂ ಒಪ್ಪಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ಕಷ್ಟ ಬೇರೆ, ಅನ್ಯಾಯ ಬೇರೆ. ಹೇಳಲು ಹೋದರೆ ಅವನದು ಒಂದೇ ಮಾತು, “ನನಗ ಆಕ್ಕೈತಿ, ನಿಮಗ್ಯಾಕ ಆಗಂಗಿಲ್ಲ?” ದಿನಾ ಅದನ್ನೇ ಆಡಿ ಆಡಿ ಪರೀಕ್ಷಿಸಿದವನಿಗೆ ಪಾರಿವಾಳ ಎಲ್ಲಿದೆ ಅಂತ ನಿದ್ದೆಗಣ್ಣಿನಲ್ಲೂ ಗೊತ್ತು. ಹವ್ಯಾಸಿ ಅಂದಮೇಲೆ ಇದೆಲ್ಲ ಇರುವುದೇ ಅನ್ನುವ ಮಾತೂ ನನಗೆ ಒಪ್ಪಿಗೆಯಿಲ್ಲ. 2004ರಲ್ಲಿ ಹೊರಬಂದ ಕೇವ್ ಸ್ಟೋರಿ ಅನ್ನುವ ಆಟವನ್ನು ಜಪಾನಿನ ಡೈಸುಕೆ ಅಮಾಯಾ ಒಬ್ಬನೇ ಕೂತು, ಬಿಡುವಿನ ವೇಳೆಯಲ್ಲಿ, ಐದು ವರ್ಷ ತೆಗೆದುಕೊಂಡು ಮಾಡಿದ. ಅದೂ ಹವ್ಯಾಸಿಯದೇ.

ಆದರೆ ಮಿನಾರು ಹತ್ತಿ ಗ್ಯಾಲರಿಗೆ ಬಂದರೆ ಸಿಟ್ಟೆಲ್ಲ ಇಳಿಯುತ್ತಿತ್ತು. ಅಲ್ಲಿ ‘ಸಿ’ ಒತ್ತಿದರೆ ಹುಡುಗ ಚಪ್ಪಾಳೆ ತಟ್ಟುತ್ತಾನೆ. ನಿಜವಾದ ಗುಮ್ಮಟದಲ್ಲಿ ಶಬ್ದ ಮರಳಿ ಮರಳಿ ಬರುವ ಹಾಗೆ ಮಷಿನ್ನಿನ ಸ್ಪೀಕರು ಏಳು ಸಲ ಕುಂಯ್ ಅನ್ನುತ್ತಿತ್ತು, ಒಂದಕ್ಕಿಂತ ಒಂದು ಗಿಡ್ಡ. ಪಾರಿವಾಳಗಳೆಲ್ಲ ಹಾರಿಹೋಗುತ್ತಿದ್ದವು. ಕೊರತೆ ಏನೆಂದರೆ, ಶಬ್ದ ಮುಗಿಯುವವರೆಗೆ ಆಟವೇ ನಿಂತುಬಿಡುತ್ತಿತ್ತು. ಆ ಹೊತ್ತಿನಲ್ಲಿ ಒತ್ತಿದ ಕೀಲಿಗಳು ಕೀಬೋರ್ಡಿನ ಬಫರಿನಲ್ಲಿ ಸಾಲಾಗಿ ನಿಲ್ಲುತ್ತಿದ್ದವು, 15ರವರೆಗೆ. ಪ್ರತಿಧ್ವನಿ ಮುಗಿದ ಕೂಡಲೇ ಎಲ್ಲವೂ ಒಂದರ ಹಿಂದೊಂದು ನುಗ್ಗಿ, ಹುಡುಗ ದೆವ್ವ ಹೊಕ್ಕವನ ಹಾಗೆ ಓಡಿ ಗ್ಯಾಲರಿಯಿಂದ ಕೆಳಗೆ ಬೀಳುತ್ತಿದ್ದ. ಎಲ್ಲರೂ ಬೈಯುತ್ತಿದ್ದೆವು. ಬಾಗೇವಾಡಿಯ ಹುಡುಗಿಯೊಬ್ಬಳು ಮಾತ್ರ ಬೈಯಲಿಲ್ಲ, ಎಣಿಸಿದಳು. ಚಪ್ಪಾಳೆ ತಟ್ಟಿ, ಆ ನಿಂತ ಹೊತ್ತಿನಲ್ಲಿ “ಬಲ, ಬಲ, ಬಲ, ಹಾರು, ಬಲ” ಅಂತ ಬಾಯಲ್ಲಿ ಹೇಳಿಕೊಳ್ಳುತ್ತ 15 ಕೀಲಿ ಒತ್ತಿ ಕೈ ಕಟ್ಟಿ ಕೂತಳು. ಹುಡುಗ ತಾನೇ ಓಡಿ, ತಾನೇ ಹಾರಿ, ಆಚೆಯ ಬಾಗಿಲು ಮುಟ್ಟಿದ. ಸಿಂದಗಿಯವನ ಮುಖ ನೋಡಬೇಕಿತ್ತು. ತಾನೇ ಕಟ್ಟಿದ ಮನೆಯಲ್ಲಿ ತನಗೇ ಗೊತ್ತಿಲ್ಲದ ಬಾಗಿಲು ತೆರೆದಿತ್ತು.

ಓಡುತ್ತಲೇ ಹಾರುವ ಸುಖವಂತೂ ಈ ಆಟದಲ್ಲಿ ಇರಲಿಲ್ಲ. ಬಾಣದ ಕೀಲಿ ಒತ್ತಿ ಹಿಡಿದರೆ ಮೊದಲು ಒಂದು ಹೆಜ್ಜೆ, ಅರ್ಧ ಸೆಕೆಂಡು ಸುಮ್ಮನೆ, ಆಮೇಲೆ ಓಟ. ನಡುವೆ ಹಾರುವ ಕೀಲಿ ಒತ್ತಿದರೆ ಓಟ ನಿಂತುಹೋಗುತ್ತಿತ್ತು, ಯಾಕೆಂದರೆ ಕೀಬೋರ್ಡು ಕೊನೆಗೆ ಒತ್ತಿದ್ದನ್ನಷ್ಟೇ ಮತ್ತೆ ಮತ್ತೆ ಕಳಿಸುತ್ತದೆ. ನಾವು ಅದಕ್ಕೂ ಹೊಂದಿಕೊಂಡೆವು. ವೇಗದ ಕಥೆಯೂ ಹಾಗೇ. ಆಟವನ್ನು ನಿಧಾನ ಮಾಡಲು ಅವನು ಮಷಿನ್ನು ಸುಮ್ಮನೆ ಎಣಿಸುತ್ತ ಕೂಡುವಂಥ ಖಾಲಿ ಲೂಪ್ ತಿರುಗಿಸಿದ್ದರಿಂದ ಹೊಸ ಮಷಿನ್ನುಗಳಲ್ಲಿ ಹುಡುಗ ಕಣ್ಣಿಗೇ ಕಾಣದಷ್ಟು ಜೋರು. ಮೂಲೆಯಲ್ಲಿದ್ದ ಹಳೆಯ ಮಷಿನ್ನಿನಲ್ಲಿ ಮಾತ್ರ ಆಟ ಆಟದ ಹಾಗಿತ್ತು. ಯಾರೂ ಮುಟ್ಟದ ಆ ಡಬ್ಬಿಯ ಮುಂದೆ ಪಾಳಿ ಹಚ್ಚಿ ನಿಂತಿದ್ದನ್ನು ಕಂಡು ಅಟೆಂಡರ್ ಕಾಕಾನಿಗೆ ಸಂಶಯ ಬಂದು ಎರಡು ಸಲ ಪ್ಲಗ್ ಕಿತ್ತರು.

ಕೊನೆಯದು ಮಲಿಕ್-ಎ-ಮೈದಾನ್. 55 ಟನ್ ತೂಕದ ಆ ತೋಪಿನ ಬಾಯಿ ಸಿಂಹದ್ದು. ನನ್ನ ಗ್ರಾಫ್ ಕಾಗದದ ಚೌಕಗಳಲ್ಲಿ ಸಿಂಹ ಬೆಕ್ಕಾಯಿತು, ಇರಲಿ. ತೋಪಿನಿಂದ ಗುಂಡು ಬರುತ್ತದೆ, ಹುಡುಗ ಗೋಡೆಯ ಮರೆಗೆ ಅವಿತುಕೊಳ್ಳಬೇಕು. ಗೋಡೆ 16 ಪಿಕ್ಸೆಲ್ ದಪ್ಪ, ಗುಂಡು ಒಂದು ಫ್ರೇಮಿಗೆ 40 ಪಿಕ್ಸೆಲ್ ಮುಂದೆ ಹೋಗುತ್ತದೆ. ಒಂದು ಫ್ರೇಮಿನಲ್ಲಿ ಗೋಡೆಯ ಆಚೆ ಇದ್ದದ್ದು ಮುಂದಿನದರಲ್ಲಿ ಈಚೆ. ಗೋಡೆಗೆ ತಾಗಿದ ಕ್ಷಣವೇ ಲೆಕ್ಕದಲ್ಲಿಲ್ಲ. ಹೀಗಾಗಿ ಅರ್ಧಕ್ಕರ್ಧ ಗುಂಡುಗಳು ಗೋಡೆ ತೂರಿ ಬಂದು ಹುಡುಗನನ್ನು ಕೊಲ್ಲುತ್ತಿದ್ದವು. ದೂರು ಕೊಡಲು ಹೋದವರಿಗೆ ಲ್ಯಾಬೇ ಒಟ್ಟಾಗಿ ಉತ್ತರ ಕೊಡುತ್ತಿತ್ತು, “ಮಲಿಕ್-ಎ-ಮೈದಾನದ ಗುಂಡಲೇ ಅದು, ನಿನ್ನ ಗ್ವಾಡಿಗೆ ಅಂಜತೈತೇನು?” ಪ್ರಾಜೆಕ್ಟ್ ತೋರಿಸುವ ದಿನ ಸರ್ ಕೂಡ ಇದೇ ಹಂತದಲ್ಲಿ ಸತ್ತರು. “ಇದರಾಗ ಗ್ರಾಫಿಕ್ಸ್ ಎಲ್ಲೈತೋ ತಮ್ಮಾ, ಬರೇ ಆಟ ಐತಿ” ಅಂದವರು ನಿಂತಲ್ಲೇ ಇನ್ನೊಮ್ಮೆ ಶುರು ಮಾಡಿದರು. ಸತ್ತಾಗ ತೆರೆಯ ಮೇಲೆ ‘ಹ್ವಾದಿ ನೋಡ್ ಮಗನ’ ಅಂತ ಬರುತ್ತಿದ್ದುದನ್ನು ಮಾತ್ರ ತೆಗೆಸಿದರು. ಅದರ ಜಾಗಕ್ಕೆ ‘ಮತ್ತೊಮ್ಮೆ ಪ್ರಯತ್ನಿಸಿ’ ಬಂತು. ಅಂದಿನಿಂದ ಸಾಯುವುದರಲ್ಲಿದ್ದ ಮಜಾ ಅರ್ಧ ಕಡಿಮೆಯಾಯಿತು.

ಫ್ಲಾಪಿ ಎಂದೋ ಕೆಟ್ಟಿತು. ಇಂಡಿಯ ಗೆಳೆಯನ ಹಳೆಯ ಇಮೇಲಿನಲ್ಲಿ ಒಂದು ಪ್ರತಿ ಉಳಿದಿತ್ತು. ಹಳೆಯ ಡಾಸ್ ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಹಾಕಿ, ವೇಗವನ್ನು ಮೂಲೆಯ ಮಷಿನ್ನಿನಷ್ಟು ಇಳಿಸಿದರೆ ಈಗಲೂ ಓಡುತ್ತದೆ. ಸಿಂದಗಿಯವನು ಈಗ ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ, ಎಲ್ಲವನ್ನೂ ತಿದ್ದಿ ಮೊಬೈಲಿಗೆ ತರುತ್ತೇನೆ ಅನ್ನುತ್ತಾನೆ. ಪೈಪು ಕಿತ್ತುಹಾಕು, ಎಡಗಾಲು ಸರಿಮಾಡು, ಪಾರಿವಾಳಗಳನ್ನು ಅಂಚಿನಿಂದ ಒಳಗೆ ಸರಿಸು, ಧೋತರದ ಬಣ್ಣ ಮತ್ತು ತೋಪಿನ ಗುಂಡು ಮುಟ್ಟಬೇಡ ಅನ್ನುವುದು ನನ್ನ ಮತ. ಚಪ್ಪಾಳೆಯ ವಿಷಯದಲ್ಲಿ ಬಾಗೇವಾಡಿಯವಳ ಪರವಾನಗಿ ಇಲ್ಲದೆ ಒಂದು ಸಾಲನ್ನೂ ತಿದ್ದಕೂಡದು ಅಂತ ಇಂಡಿಯವನು ಹಟ ಹಿಡಿದಿದ್ದಾನೆ. ಅವಳನ್ನು ಫೋನಿನಲ್ಲಿ ಕೇಳಿದೆವು. “ಮದಲ ‘ಹ್ವಾದಿ ನೋಡ್ ಮಗನ’ ವಾಪಸ್ ಹಾಕ್ರಿ, ಉಳಿದದ್ದು ಆಮ್ಯಾಲ ಮಾತಾಡೂಣು” ಅಂದಳು.