ಮಾಡೆಲ್ ಕಟ್ಟೋಕೆ ಏನೇನು ಬೇಕು ಅಂತ ಕೇಳ್ತೀರಲ್ಲ

ಮನೆಗೆ ಬಂದವರು ಟಿವಿ ಪಕ್ಕದ ಗಾಜಿನ ಕಪಾಟಿನ ಮುಂದೆ ನಿಂತು, ಒಳಗಿರುವ ಪುಟಾಣಿ ವಿಮಾನಗಳನ್ನು ನೋಡಿ ಮೊದಲು ಕೇಳುವುದು ‘ಇವನ್ನೆಲ್ಲ ನೀವೇ ಮಾಡಿದ್ದಾ?’ ಅಂತ. ಹೊರಡುವ ಹೊತ್ತಿಗೆ ಎರಡನೇ ಪ್ರಶ್ನೆ ಬರುತ್ತದೆ: ‘ನನಗೂ ಶುರು ಮಾಡಬೇಕು ಅನಿಸ್ತಿದೆ, ಏನೇನು ತಗೋಬೇಕು?’ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳುವ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಒಂದು ಸಣ್ಣ ಕಿಟ್ (ಜೋಡಿಸಬೇಕಾದ ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆ), ಇಕ್ಕಳದಂಥ ಒಂದು ಸಣ್ಣ ಕಟರ್, ಒಂದು ಅಂಟು, ಎರಡು ಬ್ರಷ್, ನಾಲ್ಕು ಬಣ್ಣ. ಶುರು ಮಾಡೋಕೆ ಇಷ್ಟು ಸಾಕು, ಪ್ರೈಮರ್, ವಾರ್ನಿಷ್ ಬಣ್ಣದ ಹೊತ್ತಿಗೆ ತಗೊಂಡರಾಯ್ತು. ಏರ್‌ಬ್ರಷ್, ಕಂಪ್ರೆಸರ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಾಮಾನು) ಈಗಲೇ ಬೇಡ. ಇದರ ಜೊತೆಗೆ, ಒಣಗುವ ತನಕ ಮುಟ್ಟದೆ ಇರುವುದನ್ನು ಕಲಿಯಬೇಕು. ನನ್ನ ಕೈಯಲ್ಲಿ ಕೆಟ್ಟ ಮಾಡೆಲ್‌ಗಳಲ್ಲಿ ಮುಕ್ಕಾಲು ಪಾಲು ಕೆಟ್ಟಿದ್ದು ಅವಸರಕ್ಕೆ. ಸಾಮಾನು ಕಡಿಮೆ ಇತ್ತು ಅಂತ ಯಾವುದೂ ಕೆಟ್ಟಿಲ್ಲ.

ಮೊದಲು ಕಿಟ್. 1/72 ಅಳತೆಯದ್ದು, ಅಂದರೆ ನಿಜವಾದ ವಿಮಾನದ 72ರಲ್ಲಿ ಒಂದು ಪಾಲು ಉದ್ದದ್ದು ತಗೊಳ್ಳಿ. ಈ ಲೆಕ್ಕದಲ್ಲಿ ಆರಡಿ ಆಳು ಸರಿಯಾಗಿ ಒಂದು ಇಂಚು ಆಗುತ್ತಾನೆ. ಎಲ್ಲರೂ ಮೊದಲು ಕೈ ಹಾಕುವುದು ಸುಖೋಯ್-30ಕ್ಕೆ. ಅದು ಈ ಅಳತೆಯಲ್ಲೂ 30 ಸೆಂ.ಮೀ. ಉದ್ದ ಬರುತ್ತದೆ, ಹೊಸಬರಿಗೆ ಅರ್ಧಕ್ಕೇ ಸಾಕಾಗಿಬಿಡುತ್ತೆ. ಮಿಗ್-21 ಮಾಡಬೇಕು ಅನ್ನುವವರೂ ಈಗ ಜಾಸ್ತಿ. 1963ರಲ್ಲಿ ನಮ್ಮ ವಾಯುಪಡೆಗೆ ಬಂದ ವಿಮಾನ 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿ ಆಯ್ತಲ್ಲ, ಆ ಆಸೆ ಸಹಜ. ಆದರೆ ಬೆಳ್ಳಿ ಬಣ್ಣದ ಹಳೇ ಮಿಗ್ ಬೇಡ, ಬೆಳ್ಳಿ ಬಣ್ಣ ಒಂದು ಕೂದಲೆಳೆ ಗೀರನ್ನೂ ಮುಚ್ಚಲ್ಲ. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನಗಳಾದ, ಹಸಿರು-ಕಂದು ಪಟ್ಟೆಯ ಸ್ಪಿಟ್‌ಫೈರ್ ಅಥವಾ ಹರಿಕೇನ್ ತಗೊಂಡರೆ ಬಣ್ಣದ ಅಂಚು ಅಲ್ಲಿ ಇಲ್ಲಿ ಸರಿದರೂ ಗೊತ್ತಾಗಲ್ಲ. ಕಿಟ್ ಮಾಡುವ ಬ್ರಿಟನ್ನಿನ ಏರ್‌ಫಿಕ್ಸ್‌ನವರು ತಮ್ಮ ಮೊದಲ ಸ್ಪಿಟ್‌ಫೈರ್ ಕಿಟ್ ತಂದಿದ್ದು 1950ರ ದಶಕದಲ್ಲಿ, ಈಗಲೂ ಅವರ ಸ್ಟಾರ್ಟರ್ ಸೆಟ್‌ನಲ್ಲಿ ಬಣ್ಣ, ಬ್ರಷ್, ಅಂಟು ಜೊತೆಗೇ ಬರುತ್ತದೆ. ರೆಕ್ಕೆಯ ತುದಿಯಿಂದ ತುದಿಗೆ ಹದಿನೈದೂವರೆ ಸೆಂ.ಮೀ., ಅಂಗೈ ಮೇಲೆ ಕೂರುತ್ತೆ. ಅಂಟಿನ ಸಹವಾಸವೇ ಬೇಡ ಅನ್ನುವವರಿಗೆ ಬಂದೈನವರ ಗಂಡಮ್ ರೋಬೋಟ್‌ಗಳಿವೆ. ಅವು ಒತ್ತಿದರೆ ಕೂರುತ್ತವೆ, ಮಕ್ಕಳಿರುವ ಮನೆಗೆ ನಾನು ಅದನ್ನೇ ಹೇಳುತ್ತೇನೆ.

ಭಾಗಗಳೆಲ್ಲ ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಕೈಯಲ್ಲಿ ತಿರುಚಿ ಕೀಳಬೇಡಿ, ಭಾಗದ ಮೈ ಕಿತ್ತು ಬರುತ್ತೆ. ಎರಡು ಸಲ ಕತ್ತರಿಸಿ. ಮೊದಲ ಸಲ ಭಾಗದಿಂದ ಸ್ವಲ್ಪ ದೂರದಲ್ಲಿ, ಎರಡನೇ ಸಲ ಹತ್ತಿರದಲ್ಲಿ. ಒಂದೇ ಏಟಿಗೆ ಮೈಗೆ ತಾಗಿಸಿ ಕತ್ತರಿಸಿದರೆ ಪ್ಲಾಸ್ಟಿಕ್ ಒತ್ತಡಕ್ಕೆ ಬೆಳ್ಳಗಾಗುತ್ತದೆ, ಕೆಲವು ಸಲ ಸಣ್ಣ ಗುಳಿಯೂ ಬೀಳುತ್ತೆ. ಉಳಿದ ಮೊಟಕನ್ನು ಉಜ್ಜೋಕೆ ಫ್ಯಾನ್ಸಿ ಸ್ಟೋರ್‌ನ ಉಗುರು ಉಜ್ಜುವ ಪಟ್ಟಿ ಸಾಕು. ಕೊನೆಗೆ 800 ನಂಬರ್ ಎಮರಿ ಕಾಗದ ನೀರಲ್ಲಿ ಅದ್ದಿ ಒಂದು ಕೈ ಆಡಿಸಿ.

ಅಂಟು ಅಂದರೆ ಪ್ಲಾಸ್ಟಿಕ್ ಸಿಮೆಂಟ್. ಇದು ಅಂಟಿಸುವುದಕ್ಕಿಂತ ಬೆಸುಗೆ ಹಾಕುತ್ತದೆ ಅನ್ನಬೇಕು. ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಸ್ವಲ್ಪ ಕರಗಿಸಿ ಒಂದು ಮಾಡಿ ತಾನು ಆವಿಯಾಗಿ ಹೋಗುತ್ತದೆ. ತಮಿಯಾದವರ ತೆಳು ಸಿಮೆಂಟ್ ಆದರೆ, ಎರಡು ಭಾಗ ಜೋಡಿಸಿ ಹಿಡಿದು ಸಂದಿಗೆ ಬ್ರಷ್ ತುದಿ ತಾಗಿಸಿ, ಅಷ್ಟೇ. ಅದೇ ಸಂದಿಯುದ್ದಕ್ಕೂ ಓಡುತ್ತೆ, ನೋಡೋಕೇ ಚಂದ. ಬೆರಳು ಮಾತ್ರ ಸಂದಿಯ ಮೇಲೆ ಇಡಬೇಡಿ, ಬೆರಳಚ್ಚು ಹಾಗೇ ಉಳಿಯುತ್ತೆ. ಕಿಟಕಿ ತೆರೆದಿರಲಿ. ಅಂಟಿಸಿದ್ದನ್ನು ಬಟ್ಟೆ ಕ್ಲಿಪ್ ಹಾಕಿ ರಾತ್ರಿಯಿಡೀ ಬಿಡಿ.

ಬಣ್ಣಕ್ಕೆ ಬರೋಣ, ಜನ ಸೋಲುವುದು ಇಲ್ಲೇ. ನೇರ ಪ್ಲಾಸ್ಟಿಕ್ ಮೇಲೆ ಹಚ್ಚಿದರೆ ಬಣ್ಣ ಹಿಡಿಯಲ್ಲ, ಉಗುರು ತಾಗಿದರೆ ಸುಲಿಯುತ್ತೆ. ಕೊಪ್ಪಳದ ಕಿನ್ನಾಳದಲ್ಲಿ ಗೊಂಬೆ ಮಾಡುವವರೂ ಮರದ ಮೇಲೆ ನೇರವಾಗಿ ಬಣ್ಣ ಹಚ್ಚಲ್ಲ ಅಲ್ವಾ, ಹುಣಸೆ ಬೀಜದ ಅಂಟು ಸೇರಿಸಿದ ಹದವನ್ನು ಮೆತ್ತಿ, ಒಣಗಿಸಿ, ನುಣುಪು ಮಾಡಿ ಆಮೇಲೆ ಬಣ್ಣಕ್ಕೆ ಕೈ ಹಾಕುತ್ತಾರೆ. ನಮಗೆ ಆ ಕೆಲಸ ಮಾಡುವುದು ಪ್ರೈಮರ್. ಕಿಟ್ಟನ್ನು ಮೊದಲು ಸೋಪು ನೀರಲ್ಲಿ ತೊಳೆದು ಒಣಗಿಸಿ, ಟೆರೇಸ್ ಮೇಲೆ ಮಾಸ್ಕ್ ಹಾಕಿಕೊಂಡು ಬೂದು ಪ್ರೈಮರ್ ತೆಳುವಾಗಿ ಸ್ಪ್ರೇ ಮಾಡಿ.

ಆಮೇಲೆ ನೀರಲ್ಲಿ ಕರಗುವ ಅಕ್ರಿಲಿಕ್ ಬಣ್ಣ. ಬಾಟಲಿಯಿಂದ ಹಾಗೇ ಹಚ್ಚಬೇಡಿ. ಬಾಟಲಿಯಲ್ಲಿ ಅದು ದೋಸೆ ಹಿಟ್ಟಿನ ಹಾಗಿರುತ್ತದೆ, ನಮಗೆ ಬೇಕಿರುವುದು ಹಾಲಿನ ಹದ. ಹಳೇ ಪಿಂಗಾಣಿ ತಟ್ಟೆಯ ಮೇಲೆ ಒಂದೆರಡು ಹನಿ ಬಣ್ಣ, ಒಂದು ಹನಿ ನೀರು ಹಾಕಿ ಕಲಸಿ. ಬ್ರಷ್ಷಿನಲ್ಲಿ ತಟ್ಟೆಯ ಅಂಚಿಗೆ ಎಳೆದರೆ ನಿಧಾನಕ್ಕೆ ಇಳಿದು ಬರಬೇಕು, ಹಿಂದೆ ತೆಳುವಾದ ಪೊರೆ ಬಿಡಬೇಕು. ಬ್ರಷ್ ಸ್ವಲ್ಪ ಅಗಲದ್ದೇ ಇರಲಿ. ರೆಕ್ಕೆಯ ಮೇಲೆ ಒಂದೇ ದಿಕ್ಕಿಗೆ ಎಳೆದುಬಿಡಿ. ಈಗ ನೋಡಿದರೆ ನಿಮಗೆ ಬೇಜಾರಾಗುತ್ತೆ. ಪಟ್ಟೆಪಟ್ಟೆ, ಕೆಳಗಿನ ಬೂದು ಬಣ್ಣ ಎಲ್ಲ ಕಡೆ ಕಾಣುತ್ತಿರುತ್ತೆ. ಅಲ್ಲಿ ಸ್ವಲ್ಪ ಸರಿ ಮಾಡೋಣ ಅಂತ ಬ್ರಷ್ ಮತ್ತೆ ತಾಗಿಸಿದಿರೋ, ಅರ್ಧ ಒಣಗಿದ ಪೊರೆ ಮುದುರಿ ಎದ್ದು ಬರುತ್ತೆ, ಅದನ್ನು ಸರಿ ಮಾಡೋಕೆ ಹೋಗಿ ಇನ್ನೊಂದು ಕಡೆ ಎದ್ದು, ಕೊನೆಗೆ ಇಡೀ ರೆಕ್ಕೆ ಉಜ್ಜಿ ತೆಗೆಯಬೇಕಾಗುತ್ತೆ. ಸುಮ್ನೆ ಎದ್ದು ಹೋಗಿ, ಕಾಫಿ ಮಾಡಿಕೊಂಡು ಕುಡಿಯಿರಿ. ಅರ್ಧ ಗಂಟೆ ಬಿಟ್ಟು ಎರಡನೇ ಕೋಟು, ಇನ್ನರ್ಧ ಗಂಟೆ ಬಿಟ್ಟು ಮೂರನೆಯದು. ಮೂರನೇ ಕೋಟು ಒಣಗಿದಾಗ ಪಟ್ಟೆ ಎಲ್ಲಿ ಹೋಯಿತು ಅಂತ ನೀವೇ ಹುಡುಕುತ್ತೀರಿ. ನನಗೆ ಈ ಹವ್ಯಾಸದಲ್ಲಿ ತುಂಬ ಇಷ್ಟವಾಗುವ ಗಳಿಗೆ ಇದು.

ಆಮೇಲೆ ಡೆಕಾಲ್, ಅಂದರೆ ರೆಕ್ಕೆಯ ಮೇಲಿನ ಗುರುತು, ನಂಬರ್‌ಗಳು. ಮೊದಲು ಮೈಗೆ ಹೊಳಪಿನ ವಾರ್ನಿಷ್ ಬೇಕು, ಒರಟು ಮೈ ಮೇಲೆ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿಂಚುತ್ತೆ. ಡೆಕಾಲನ್ನು ನೀರಲ್ಲಿ ನೆನೆಸಿ ಕಾಗದದಿಂದ ಜಾರಿಸಿ ಕೂರಿಸಬೇಕು. ಅದಕ್ಕೆ ಬೋರ್‌ವೆಲ್ ನೀರು ಬಳಸಬೇಡಿ, ಒಣಗಿದ ಮೇಲೆ ಕಲೆ ಉಳಿಯುತ್ತೆ. ಕುಡಿಯುವ ಫಿಲ್ಟರ್ ನೀರನ್ನೇ ಉಗುರುಬೆಚ್ಚಗೆ ಮಾಡಿಕೊಳ್ಳಿ.

ಕೊನೆಗೆ ಹೊಳಪು ತೆಗೆಯೋಕೆ ಮ್ಯಾಟ್ ವಾರ್ನಿಷ್. ಒಂದು ಜುಲೈನಲ್ಲಿ, ಮಳೆ ನಿಂತ ಹತ್ತು ನಿಮಿಷದ ಬಿಡುವಲ್ಲಿ, ಎರಡು ತಿಂಗಳು ಕೂತು ಮಾಡಿದ ಹರಿಕೇನ್‌ಗೆ ಟೆರೇಸ್ ಮೇಲೆ ನಾನು ಇದನ್ನು ಸ್ಪ್ರೇ ಮಾಡಿದೆ. ನೋಡನೋಡುತ್ತಿದ್ದಂತೆ ಮೈಯೆಲ್ಲ ಬೂದಿ ಬಳಿದ ಹಾಗಾಯ್ತು. ಗಾಳಿಯಲ್ಲಿದ್ದ ತೇವ ವಾರ್ನಿಷ್ ಜೊತೆ ಸಿಕ್ಕಿಕೊಂಡಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಬಿಸಿಲು ಬಂದ ಮೇಲೆ ಹೊಳಪಿನ ವಾರ್ನಿಷ್ ಮತ್ತೆ ಹೊಡೆದಾಗ ಬಿಳುಪು ಹೆಚ್ಚುಕಡಿಮೆ ಕರಗಿತು, ಎಡ ರೆಕ್ಕೆಯ ಬುಡದಲ್ಲಿ ಈಗಲೂ ಸ್ವಲ್ಪ ಇದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಕತ್ತರಿಸುವ, ಉಜ್ಜುವ, ಅಂಟಿಸುವ ಕೆಲಸ ಮುಗಿಸಿಕೊಳ್ಳಿ. ಸ್ಪ್ರೇ ದಸರಾ ಕಳೆದ ಮೇಲೆ.

ಎಲ್ಲ ಮುಗಿದ ಮೇಲೆ ಪೈಲಟ್ ತಲೆ ಮೇಲಿನ ಗಾಜು. ಇದಕ್ಕೆ ಸೂಪರ್ ಗ್ಲೂ ಖಂಡಿತ ಬೇಡ, ಅದರ ಆವಿ ತಾಗಿದರೆ ಗಾಜು ಮಂಜು ಮುಸುಕಿದ ಹಾಗಾಗುತ್ತೆ. ಮನೆಯಲ್ಲಿರುವ ಫೆವಿಕಾಲ್ ಸಾಕು. ಹಲ್ಲುಕಡ್ಡಿ ತುದಿಯಲ್ಲಿ ಅಂಚಿಗೆ ಸವರಿ ಗಾಜು ಕೂರಿಸಿ, ಸುತ್ತ ಬೆಳ್ಳಗೆ ಕಾಣುತ್ತೆ ಅಂತ ಒರೆಸೋಕೆ ಹೋಗಬೇಡಿ. ದೀಪ ಆರಿಸಿ ಮಲಗಿ. ಬೆಳಗ್ಗೆ ಹೊತ್ತಿಗೆ ಆ ಬಿಳಿ ಹೋಗಿ, ಗಾಜಿನ ಒಳಗೆ ನೀವು ಬಣ್ಣ ಹಚ್ಚಿದ ಪೈಲಟ್ ಕೂತಿರುವುದು ಕಾಣುತ್ತೆ.