ಗೀಸರ್ ಉರಿಯುತ್ತಿದೆಯೋ ಇಲ್ಲವೋ

ದೀಪ, ಫ್ಯಾನು, ಗೀಸರ್‌ಗಳನ್ನು ಮೊಬೈಲಿನಿಂದಲೇ ನಡೆಸುವ ಆ್ಯಪ್‌ಗೆ ಪರದೆ ರೂಪಿಸುವುದು ನನ್ನ ಕೆಲಸ. ಬಟನ್ನಿಗೆ ಆನ್, ಆಫ್ ಎಂಬ ಎರಡೇ ಸ್ಥಿತಿ ಸಾಕೆಂದು ತಂಡದವರ ಹಟ. ಸಂಪರ್ಕ ತಪ್ಪಿದಾಗ ಬೂದು ಬಣ್ಣಕ್ಕೆ ತಿರುಗುವ ಮೂರನೆಯದೊಂದು ಬೇಕೇಬೇಕೆಂದು ನನ್ನದು. ಮೀಟಿಂಗಿನಲ್ಲಿ ಬಗೆಹರಿಯಲಿಲ್ಲ. ಸಹೋದ್ಯೋಗಿಯೊಬ್ಬರ ತಾಯಿಯ ಮೈಸೂರಿನ ಮನೆಯಲ್ಲಿ ಎರಡು ಸ್ಥಿತಿಯ ಮಾದರಿಯನ್ನೇ ಪರೀಕ್ಷಿಸಿ ನೋಡೋಣವೆಂದು ಹೊರಟೆವು.

ಅಮ್ಮ ಫೋನಿನಿಂದ ಗೀಸರ್ ಹಾಕಿದರು. 15 ಲೀಟರಿನದು, 2000 ವ್ಯಾಟ್. ನೀರು 30 ಡಿಗ್ರಿ ಏರಲು ಸುಮಾರು 16 ನಿಮಿಷ ಬೇಕು. ಬಕೆಟ್ ತುಂಬಿದ ಮೇಲೆ ಫೋನನ್ನು ಮುಟ್ಟದೆ, ಎಂದಿನಂತೆ ಬಚ್ಚಲುಮನೆಯ ಹೊರಗಿನ ಸ್ವಿಚ್ಚನ್ನು ಆರಿಸಿದರು. ಫೋನಿನ ಮಾತು ಕೇಳಿ ಗೀಸರ್ ಹಾಕುವ, ಆರಿಸುವ ನಮ್ಮ ಸ್ಮಾರ್ಟ್ ಪ್ಲಗ್ಗಿಗೂ ಕರೆಂಟು ಬರುವುದು ಆ ಸ್ವಿಚ್ಚಿನಿಂದಲೇ. ಪ್ಲಗ್ ಸತ್ತಿತು, ಪರದೆಯಲ್ಲಿ ಗೀಸರ್ ಹಸಿರಾಗಿಯೇ ಇತ್ತು.

"ಇದಿನ್ನೂ ಉರಿಯುತ್ತಿದೆ ಅನ್ನುತ್ತಿದೆಯಲ್ಲಪ್ಪ?"

ಪ್ಲಗ್ ಸರ್ವರ್‌ನೊಂದಿಗೆ ಮಾತಾಡುವುದು ಎಂಕ್ಯೂಟಿಟಿ ಪ್ರೋಟೊಕಾಲ್‌ನಲ್ಲಿ, ಎಂದರೆ ಇಂಥ ಸಾಧನಗಳು ಚಿಕ್ಕ ಸಂದೇಶ ಕಳಿಸಲು ಬಳಸುವ ನಿಯಮಗಳಲ್ಲಿ. ಪ್ರತಿ 60 ಸೆಕೆಂಡಿನೊಳಗೆ 'ಇದ್ದೇನೆ' ಎಂದು ಅದು ಉಸಿರಾದರೂ ಬಿಡಬೇಕೆಂದು ನಾವು ಗೊತ್ತುಮಾಡಿದ್ದೆವು. ಆ ಅವಧಿಯ ಒಂದೂವರೆ ಪಟ್ಟು ಕಾದ ಮೇಲಷ್ಟೇ ಸರ್ವರ್ ಸಂಪರ್ಕ ಕಡಿದಿದೆಯೆಂದು ತೀರ್ಮಾನಿಸುತ್ತದೆ. ಅಲ್ಲಿಯವರೆಗೆ, ಎಂದರೆ ಹೆಚ್ಚೆಂದರೆ 90 ಸೆಕೆಂಡು, ಪರದೆ ಹೇಳಿದ್ದೆಲ್ಲ ಸುಳ್ಳು. ಆಮೇಲೆ ಬಟನ್ ತಾನಾಗಿಯೇ ಆಫ್ ಆಯಿತು. ಎರಡೇ ಸ್ಥಿತಿ ಸಾಕೆಂದಿದ್ದ ಪ್ರೋಗ್ರಾಮರ್ ಗೆಳೆಯ ನನ್ನತ್ತ ನೋಡಿ ನಕ್ಕ.

ಅಮ್ಮ ನಗಲಿಲ್ಲ. "ಗುಡಿಸುವವಳು ಆಗಾಗ ವೈಫೈ ಪೆಟ್ಟಿಗೆಯ ವೈರು ಕೀಳುತ್ತಾಳೆ. ಆಗ ಏನು ತೋರಿಸುತ್ತದೆ?" ಉತ್ತರಕ್ಕೆ ಕಾಯದೆ ಗೀಸರನ್ನು ಮತ್ತೆ ಹಾಕಿ, ತಾವೇ ಹೋಗಿ ವೈರು ಕಿತ್ತರು. ತುಸು ಹೊತ್ತಿಗೆ ಪರದೆ ಆಫ್ ಎಂದಿತು. ಬಚ್ಚಲಿನಲ್ಲಿ ಗೀಸರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಆರದ ಗೀಸರನ್ನು ಆರಿದೆ ಎನ್ನುವ ಆ್ಯಪ್‌ಗಿಂತ ಆ್ಯಪ್ ಇಲ್ಲದಿರುವುದೇ ಮೇಲು. ನಾನು ತಿಂಗಳುಗಟ್ಟಲೆ ವಾದಿಸಿದ್ದನ್ನು ಅವರು ಒಂದು ವೈರು ಕಿತ್ತು ತೋರಿಸಿದ್ದರು.

ಈಗ ಸಂಪರ್ಕ ತಪ್ಪಿದರೆ ಬಟನ್ ಬೂದಾಗುತ್ತದೆ, ಕೆಳಗೆ 'ಬೆಳಿಗ್ಗೆ 6.40ಕ್ಕೆ ಆನ್ ಇತ್ತು' ಎಂಬ ಸಾಲು ಬರುತ್ತದೆ. ಇಲ್ಲಿಯವರೆಗೆ ಎಲ್ಲರೂ ಒಪ್ಪಿದರು. ಕರೆಂಟು ಹೋಗಿ ಬಂದಾಗ ದೀಪ ಹಿಂದಿನ ಸ್ಥಿತಿಗೆ ಮರಳಲಿ, ಗೀಸರ್ ಮಾತ್ರ ಆಫ್ ಆಗಿಯೇ ಇರಲಿ ಎಂದೂ ನಿರ್ಧರಿಸಿದೆವು. ಯಾರೂ ಇಲ್ಲದ ಮನೆಯಲ್ಲಿ ಅದು ತಾನಾಗಿ ಕಾಯಬಾರದಲ್ಲ. ಆದರೆ ಹೊರಗಿನ ಸ್ವಿಚ್ಚು ಆರಿಸಿ ಹಾಕಿದರೂ ಪ್ಲಗ್ಗಿಗೆ ಅದು ಕರೆಂಟು ಹೋಗಿ ಬಂದಂತೆಯೇ. ಅಮ್ಮನಿಗೆ ಇದು ಸುತರಾಂ ಹಿಡಿಸಿಲ್ಲ: "ಸ್ವಿಚ್ಚು ಹಾಕಿದ ಮೇಲೂ ನಾನು ಫೋನು ಹುಡುಕಬೇಕೇನಪ್ಪ?" ಇದಕ್ಕೆ ನಮ್ಮಲ್ಲಿ ಇನ್ನೂ ಉತ್ತರವಿಲ್ಲ.